ಮೂರು ಸಲ ಬ್ಯಾಲೆನ್ಸಿಂಗ್ ಆಯ್ತು, ಎಲೆಕ್ಟ್ರಿಕ್ ಕಾರು ಇನ್ನೂ ಅದುರುತ್ತಿದೆ. ಮೋಟಾರ್ ಹೋಗಿದೆಯಾ?

ಪ್ರಶ್ನೆ: ನನ್ನ ಎಲೆಕ್ಟ್ರಿಕ್ ಕಾರಿಗೆ ಈಗ ಎರಡು ವರ್ಷ. ಮುಂದಿನ ಚಕ್ರಗಳಿಗೆ ಮೋಟಾರ್ ಇರುವ ಗಾಡಿ. ಕೆಲವು ತಿಂಗಳಿಂದ 85 ಕಿ.ಮೀ. ವೇಗ ದಾಟಿದರೆ ಸ್ಟೀರಿಂಗ್ ಅದುರಲು ಶುರುವಾಗುತ್ತದೆ, 105 ದಾಟಿದ ಮೇಲೆ ಹೆಚ್ಚುಕಡಿಮೆ ನಿಂತುಹೋಗುತ್ತದೆ. ಇದಲ್ಲದೆ 30ರಿಂದ 60ರವರೆಗೆ ಜೋರಾಗಿ ಪಿಕಪ್ ಕೊಟ್ಟರೆ ಕಾಲ ಕೆಳಗಿನ ಫ್ಲೋರ್ ಗಡಗಡ ಎನ್ನುತ್ತದೆ. ಕಾಲು ತೆಗೆದ ಕೂಡಲೇ ಮಾಯ. ಬ್ರೇಕ್ ಹಾಕಿದಾಗ ಏನೂ ಇಲ್ಲ. ವೀಲ್ ಬ್ಯಾಲೆನ್ಸಿಂಗ್ ಮೂರು ಸಲ, ಅಲೈನ್‌ಮೆಂಟ್ ಎರಡು ಸಲ ಮಾಡಿಸಿದೆ. ಬ್ಯಾಲೆನ್ಸಿಂಗ್ ಆದ ದಿನ ಚೆನ್ನಾಗಿರುತ್ತದೆ, ಒಂದೆರಡು ದಿನದಲ್ಲಿ ಮತ್ತೆ ಅದೇ ಕಥೆ. ಸರ್ವೀಸ್ ಸೆಂಟರಿನವರು ‘ಇವಿ ಅಂದ್ರೆ ಹೀಗೇ’ ಎನ್ನುತ್ತಾರೆ. ಒಬ್ಬ ಮೆಕ್ಯಾನಿಕ್ ಮೋಟಾರಿನ ಬೇರಿಂಗ್ ಹೋಗಿದೆ ಅಂದರು, ಇನ್ನೊಬ್ಬರು ನಾಲ್ಕೂ ಟೈರ್ ಬದಲಿಸಿ ಅಂದರು. ಬ್ಯಾಟರಿ ಸಡಿಲವಾಗಿರಬಹುದು ಅಂತ ಗೆಳೆಯರು ಹೆದರಿಸುತ್ತಿದ್ದಾರೆ. ಅಂದಹಾಗೆ, ಇದೆಲ್ಲ ಶುರುವಾಗುವ ಮುಂಚೆ ಒಂದು ಪಂಕ್ಚರ್ ಆಗಿತ್ತು. ಕಾರಿನ ಜೊತೆ ಬಂದ ಸೀಲಂಟ್ ತುಂಬಿಸಿ ಮನೆಗೆ ತಂದೆ, ಆಮೇಲೆ ಹೊರಗಿನಿಂದಲೇ ಪಂಕ್ಚರ್ ಹಾಕಿಸಿದೆ. ಈ ಕಾರು ಓಡಿಸುವುದು ಸುರಕ್ಷಿತವೇ? ಯಾರ ಮಾತು ನಂಬಲಿ?

ಉತ್ತರ: ನೀವು ‘ಅಂದಹಾಗೆ’ ಎಂದು ಕೊನೆಯಲ್ಲಿ ಸೇರಿಸಿದ ಪಂಕ್ಚರಿನ ವಿಷಯವೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತಿದೆ. ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಒಂದು ಮಾತು. ನಿಮ್ಮ ಕಾರಿನಲ್ಲಿ ಇರುವುದು ಒಂದು ಅದುರುವಿಕೆ ಅಲ್ಲ, ಎರಡು. 95ರ ಆಸುಪಾಸಿನಲ್ಲಿ ಸ್ಟೀರಿಂಗಿಗೆ ಬರುವುದು ಬೇರೆ, ಪಿಕಪ್ ಕೊಟ್ಟಾಗ ಫ್ಲೋರಿಗೆ ಬರುವುದು ಬೇರೆ. ಎರಡನ್ನೂ ಒಂದೇ ಕಾಯಿಲೆ ಎಂದುಕೊಂಡಿದ್ದರಿಂದಲೇ ಇಷ್ಟು ದಿನ ಸುತ್ತಾಟ ಆಗಿದೆ ಅನಿಸುತ್ತದೆ. ಒಂದಕ್ಕೆ ಮದ್ದು ಮಾಡಿದಾಗ ಇನ್ನೊಂದು ಉಳಿದಿರುತ್ತದೆ, ‘ಏನು ಮಾಡಿದರೂ ಹೋಗುತ್ತಿಲ್ಲ’ ಅನಿಸುತ್ತದೆ.

‘ಇವಿ ಅಂದ್ರೆ ಹೀಗೇ’ ಎನ್ನುವುದು ಅರ್ಧ ನಿಜ. ಪೆಟ್ರೋಲ್, ಡೀಸೆಲ್ ಗಾಡಿಯಲ್ಲಿ ಎಂಜಿನ್ನಿನ ಸದ್ದು, ನಡುಕ ಸದಾ ಇರುತ್ತದೆ. ಚಕ್ರದ ಸಣ್ಣಪುಟ್ಟ ತಕರಾರು ಅದರಲ್ಲಿ ಮುಚ್ಚಿಹೋಗುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಆ ಮುಸುಕಿಲ್ಲ, ಹಾಗಾಗಿ ಎಲ್ಲವೂ ಕೈಗೆ, ಕಿವಿಗೆ ನೇರವಾಗಿ ಸಿಗುತ್ತದೆ. ಇಷ್ಟು ಒಪ್ಪೋಣ. ಆದರೆ ಮೊದಲು ಇಲ್ಲದ ನಡುಕ ಈಗ ಬಂದಿದೆ ಅಂದರೆ ಅದು ಇವಿಯ ಸ್ವಭಾವ ಅಲ್ಲ. ಏನೋ ಬದಲಾಗಿದೆ, ಅಷ್ಟೇ.

ಏನು ಬದಲಾಗಿದೆ ಎಂದು ಹುಡುಕಲು ನಾವು ಮೊದಲು ನೋಡುವುದು ಅದು ಸೆಕೆಂಡಿಗೆ ಎಷ್ಟು ಸಲ ಅದುರುತ್ತಿದೆ ಎನ್ನುವುದನ್ನು. ಲೆಕ್ಕ ಸುಲಭ. ನಿಮ್ಮ ಟೈರ್ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಉರುಳುತ್ತದೆ ಎಂದುಕೊಳ್ಳಿ. 17 ಇಂಚಿನ ರಿಮ್ ಇರುವ ಗಾಡಿಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಗಂಟೆಗೆ 95 ಕಿ.ಮೀ. ಅಂದರೆ ಸೆಕೆಂಡಿಗೆ 26 ಮೀಟರಿಗಿಂತ ಸ್ವಲ್ಪ ಜಾಸ್ತಿ. ಭಾಗಿಸಿದರೆ ಚಕ್ರ ಸೆಕೆಂಡಿಗೆ 12ರಿಂದ 13 ಸುತ್ತು. ಚಕ್ರದಲ್ಲಿ ಒಂದು ಕಡೆ ಭಾರ ಜಾಸ್ತಿ ಇದ್ದರೆ ಸೆಕೆಂಡಿಗೆ ಅಷ್ಟೇ ಸಲ ತಳ್ಳುತ್ತದೆ. 12-13 ಹರ್ಟ್ಜ್. ಸ್ಟೀರಿಂಗ್ ಕೈಯಲ್ಲಿ ಕುಣಿಯುವುದು ಈ ಮಟ್ಟದಲ್ಲೇ.

ಈಗ ಮೋಟಾರ್ ನೋಡಿ. ಹೆಚ್ಚಿನ ಎಲೆಕ್ಟ್ರಿಕ್ ಕಾರುಗಳಲ್ಲಿ ಮೋಟಾರಿಗೂ ಚಕ್ರಕ್ಕೂ ನಡುವೆ ಒಂದೇ ಗೇರ್ ಇರುತ್ತದೆ. ಚಕ್ರ ಒಂದು ಸುತ್ತು ಸುತ್ತಲು ಮೋಟಾರ್ ಸುಮಾರು ಒಂಬತ್ತು, ಹತ್ತು ಸುತ್ತು ಸುತ್ತಬೇಕು. ಅಂದರೆ ಅದೇ 95ರಲ್ಲಿ ಮೋಟಾರ್ ಸೆಕೆಂಡಿಗೆ 110ರಿಂದ 125 ಸುತ್ತು ಹಾಕುತ್ತಿರುತ್ತದೆ. ಅದರ ಒಳಗೆ ಸುತ್ತುವ ಭಾಗ, ಅಂದರೆ ರೋಟರ್, ಬ್ಯಾಲೆನ್ಸ್ ತಪ್ಪಿದರೆ, ಬೇರಿಂಗ್ ಸವೆದರೆ ನಿಮಗೆ ಗುಂಯ್ ಎನ್ನುವ ಸದ್ದೋ, ಪಾದದಡಿ ಸಣ್ಣ ಝುಮ್ ಎನ್ನುವ ನಡುಕವೋ ಬರುತ್ತದೆ. ಸ್ಟೀರಿಂಗ್ ಎಡಬಲಕ್ಕೆ ಕುಣಿಯುವುದಿಲ್ಲ. ಹಾಗಾಗಿ ಮೋಟಾರ್ ಬೇರಿಂಗ್ ಎಂದವರ ಮಾತು ನಿಮ್ಮ ಲಕ್ಷಣಕ್ಕೆ ಹೊಂದುತ್ತಿಲ್ಲ.

ಬ್ಯಾಟರಿ ಭಯವನ್ನು ಪಕ್ಕಕ್ಕಿಡಿ. ನೂರಾರು ಕಿಲೋ ತೂಕದ ಆ ಪೆಟ್ಟಿಗೆ ಹಲವಾರು ಬೋಲ್ಟುಗಳ ಮೇಲೆ ಕೂತಿರುತ್ತದೆ. ಅದು ಸಡಿಲವಾದರೆ ಹಂಪ್ ಹಾರಿದಾಗ, ಗುಂಡಿಗೆ ಬಿದ್ದಾಗ ಧಡ್ ಎನ್ನಬೇಕು. ನಯವಾದ ರಸ್ತೆಯಲ್ಲಿ 85ಕ್ಕೆ ಶುರುವಾಗಿ 105ಕ್ಕೆ ನಿಲ್ಲುವ ಶಿಸ್ತು ಅದಕ್ಕಿಲ್ಲ.

ಹಾಗಾದರೆ 105ರ ಮೇಲೆ ಯಾಕೆ ನಿಲ್ಲುತ್ತದೆ? ಚಕ್ರ, ಅದನ್ನು ಬೋಲ್ಟ್ ಹಾಕಿ ಕೂರಿಸುವ ಹಬ್, ಬ್ರೇಕ್ ಎಲ್ಲ ಸೇರಿ ಸಸ್ಪೆನ್ಷನ್ ಮತ್ತು ಟೈರಿನ ನಡುವೆ ನೇತಾಡುವ ಒಂದು ಗುಂಪು. ಅದಕ್ಕೆ ತನ್ನದೇ ಆದ ಒಂದು ಲಯ ಇರುತ್ತದೆ, ಸಾಮಾನ್ಯವಾಗಿ ಸೆಕೆಂಡಿಗೆ 10ರಿಂದ 15 ಸಲದ ನಡುವೆ. ಚಕ್ರದ ಸುತ್ತು ಆ ಲಯಕ್ಕೆ ಕೂಡಿಕೊಂಡಾಗ ಸಣ್ಣ ದೋಷವೂ ದೊಡ್ಡದಾಗಿ ಕಾಣುತ್ತದೆ. ವೇಗ ಹೆಚ್ಚಿಸಿದರೆ ಲಯ ತಪ್ಪುತ್ತದೆ, ನಡುಕ ಕೈಗೆ ಬರುವುದಿಲ್ಲ. ದೋಷ ಅಲ್ಲೇ ಇರುತ್ತದೆ, ಹೊಡೆತ ಇನ್ನೂ ಜಾಸ್ತಿಯೇ ಆಗಿರುತ್ತದೆ. ‘110ರಲ್ಲಿ ಹೋದರೆ ಸರಿಯಾಗಿದೆ’ ಎಂದು ಅದೇ ವೇಗದಲ್ಲಿ ಓಡಿಸುವವರನ್ನು ನೋಡಿದ್ದೇನೆ. ಸುಮ್ನೆ ಮುಚ್ಚಿಟ್ಟಂತೆ ಅದು.

ಈಗ ಪಂಕ್ಚರಿಗೆ ಬರೋಣ. ಎಷ್ಟೋ ಎಲೆಕ್ಟ್ರಿಕ್ ಕಾರುಗಳಲ್ಲಿ ಸ್ಟೆಪ್ನಿ ಇರುವುದಿಲ್ಲ, ಬದಲಿಗೆ ಸೀಲಂಟ್ ಬಾಟಲಿ ಮತ್ತು ಸಣ್ಣ ಪಂಪ್ ಕೊಟ್ಟಿರುತ್ತಾರೆ. ಬಾಟಲಿಯಲ್ಲಿ ಕಾಲು ಲೀಟರಿಗಿಂತ ಜಾಸ್ತಿ ದ್ರವ ಇರುತ್ತದೆ. ತೂತು ಮುಚ್ಚಲು ಬೇಕಾದದ್ದು ಅದರಲ್ಲಿ ಚೂರೇ ಚೂರು. ಉಳಿದದ್ದೆಲ್ಲ ಟೈರಿನ ಒಳಗೇ ಇರುತ್ತದೆ. ಗಾಡಿ ಓಡುವಾಗ ಒಂದಿಷ್ಟು ಹರಡಿಕೊಳ್ಳುತ್ತದೆ, ನಿಂತಾಗ ತಳಕ್ಕೆ ಇಳಿಯುತ್ತದೆ, ದಿನ ಕಳೆದಂತೆ ಅಲ್ಲಲ್ಲೇ ಗಟ್ಟಿಯಾಗುತ್ತದೆ. ಮೆಷಿನ್ನಿಗೆ ಹಾಕಿದಾಗ ಅದು ಎಲ್ಲಿತ್ತೋ ಅದಕ್ಕೆ ತಕ್ಕಂತೆ ರಿಮ್ಮಿಗೆ ತೂಕ ಅಂಟಿಸುತ್ತಾರೆ. ರಾತ್ರಿ ಗಾಡಿ ನಿಲ್ಲಿಸಿದರೆ ದ್ರವ ಜಾಗ ಬದಲಿಸುತ್ತದೆ. ಈಗ ಮೊದಲಿನ ದೋಷದ ಜೊತೆ ಅಂಟಿಸಿದ ತೂಕವೂ ತಪ್ಪು ಜಾಗದಲ್ಲಿ. ‘ಮಾಡಿಸಿದ ದಿನ ಚೆನ್ನಾಗಿರುತ್ತದೆ’ ಎಂದು ನೀವು ಬರೆದದ್ದಕ್ಕೆ ಇಷ್ಟು ಚೆನ್ನಾಗಿ ಹೊಂದುವ ಕಾರಣ ಇನ್ನೊಂದಿಲ್ಲ.

ಇವಿಗೆಂದು ಬರುವ ಕೆಲವು ಟೈರುಗಳ ಒಳಗೆ ಸದ್ದು ಕಡಿಮೆ ಮಾಡಲು ಸ್ಪಾಂಜಿನ ಪಟ್ಟಿ ಅಂಟಿಸಿರುತ್ತಾರೆ. ಅದು ಇದ್ದರೆ ಕಥೆ ಇನ್ನೂ ಕೆಟ್ಟದು. ಸೀಲಂಟನ್ನು ಸ್ಪಾಂಜ್ ಕುಡಿದುಬಿಡುತ್ತದೆ. ಇಂಥ ಟೈರನ್ನು ರಿಮ್ಮಿನಿಂದ ಬಿಡಿಸಿದಾಗ ಒಳಗೆ ಹಾಲಿನಂಥ ಬಿಳಿ ದ್ರವ, ಅದರ ಮೇಲೆ ಕೆನೆಗಟ್ಟಿದ ರಬ್ಬರಿನ ತುಣುಕು, ಒಂದು ಗೇಣು ಉದ್ದಕ್ಕೆ ನೆನೆದು ಜೋತುಬಿದ್ದ ಸ್ಪಾಂಜ್ ಕಾಣುತ್ತದೆ. ಬೆರಳಿಂದ ಒತ್ತಿದರೆ ತೊಟ್ಟಿಕ್ಕುತ್ತದೆ. ಹೊರಗಿನಿಂದ ಎಷ್ಟು ಸಲ ಬ್ಯಾಲೆನ್ಸ್ ಮಾಡಿದರೂ ಆ ಟೈರ್ ಸರಿಹೋಗುವುದಿಲ್ಲ.

ಸ್ವಲ್ಪ ತೂಕ ಏನು ಮಹಾ ಅನಿಸಬಹುದು. 17 ಇಂಚಿನ ರಿಮ್ಮಿನ ಅಂಚಿನಲ್ಲಿ ಬರೀ 20 ಗ್ರಾಂ ಹೆಚ್ಚಿದ್ದರೆ, 95 ಕಿ.ಮೀ. ವೇಗದಲ್ಲಿ ಅದು ಎರಡೂವರೆ ಕಿಲೋಗಿಂತ ಜಾಸ್ತಿ ಭಾರದಷ್ಟು ಜೋರಾಗಿ ಎಳೆಯುತ್ತದೆ. ಒಂದು ಸೆಕೆಂಡಿನಲ್ಲಿ ಹನ್ನೆರಡು ಸಲಕ್ಕಿಂತ ಹೆಚ್ಚು.

ಹಾಗಾಗಿ ಮೊದಲ ಕೆಲಸ: ಪಂಕ್ಚರ್ ಆದ ಟೈರನ್ನು ಬಿಚ್ಚಿಸಿ, ಒಳಗೆ ನೋಡಿ, ಪೂರ್ತಿ ತೊಳೆಸಿ ಒಣಗಿಸಿ. ತೂತಿಗೆ ಒಳಗಿನಿಂದ ಪ್ಯಾಚ್ ಹಾಕಿಸಿ. ಸ್ಪಾಂಜ್ ಕಿತ್ತುಬಂದಿದ್ದರೆ ಅರ್ಧಂಬರ್ಧ ಬಿಡಬೇಡಿ, ಪೂರ್ತಿ ತೆಗೆಸಿ. ಸದ್ದು ಸ್ವಲ್ಪ ಜಾಸ್ತಿಯಾಗುತ್ತದೆ, ಬೇರೆ ತೊಂದರೆ ಇಲ್ಲ. ಒಳಗೆ ಗಾಳಿ ಅಳೆಯುವ ಸೆನ್ಸರ್ ಇದ್ದರೆ ಅದನ್ನೂ ಒರೆಸಲು ಹೇಳಿ. ಇದಿಷ್ಟು ಆದ ಮೇಲೆ ಬ್ಯಾಲೆನ್ಸಿಂಗ್.

ಬ್ಯಾಲೆನ್ಸಿಂಗ್ ಮಾಡುವಾಗ ಪಕ್ಕದಲ್ಲಿ ನಿಂತು ಒಂದು ಪರೀಕ್ಷೆ ಮಾಡಿಸಿ. ಮೆಷಿನ್ ಸೊನ್ನೆ ತೋರಿಸಿದ ಮೇಲೆ ಚಕ್ರವನ್ನು ಸಡಿಲಿಸಿ, ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿದು ಓಡಿಸಲು ಹೇಳಿ. ಮತ್ತೆ ಸೊನ್ನೆ ಅಥವಾ ಐದು ಗ್ರಾಂ ಒಳಗೆ ಬಂದರೆ ಸರಿ. 20, 30 ಎಂದು ತೋರಿಸಿದರೆ ಚಕ್ರ ಮೆಷಿನ್ನಿನ ಮೇಲೆ ನಡುವಿಗೆ ಕೂತಿಲ್ಲ, ಅಂದರೆ ಇಷ್ಟು ದಿನದ ಬ್ಯಾಲೆನ್ಸಿಂಗೇ ತಪ್ಪು. ಕೆಲವರಿಗೆ ಈ ಬೇಡಿಕೆ ಇಷ್ಟವಾಗುವುದಿಲ್ಲ. ನಯವಾಗಿ ಕೇಳಿ, ಎರಡು ನಿಮಿಷದ ಕೆಲಸ.

ಕಾರಿಗೆ ಚಕ್ರ ಹಾಕುವಾಗಲೂ ಇದೇ ಎಚ್ಚರ ಬೇಕು. ಹಬ್ಬಿನ ಮುಖದ ಮೇಲೆ, ರಿಮ್ಮಿನ ಒಳಮುಖದ ಮೇಲೆ ತುಕ್ಕು ಇದ್ದರೆ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಒಂದು ಕಡೆ ತುಕ್ಕಿನ ಚಕ್ಕೆ ಸಿಕ್ಕಿಕೊಂಡರೂ ಚಕ್ರ ಓರೆಯಾಗಿ ಕೂರುತ್ತದೆ. ಗಾಡಿ ಜಾಕ್ ಮೇಲಿರುವಾಗಲೇ ಎದುರುಬದುರು ಬೋಲ್ಟುಗಳನ್ನು ಕೈಯಲ್ಲಿ ಬಿಗಿದು, ಆಮೇಲೆ ಇಳಿಸಿ ಟಾರ್ಕ್ ರೆಂಚಿನಲ್ಲಿ ಕೊನೆಯ ಬಿಗಿತ ಕೊಡಬೇಕು. ಜಾಕ್ ಇಡುವ ಜಾಗ ಮಾತ್ರ ಕಂಪನಿ ಹೇಳಿದ ಪಾಯಿಂಟೇ ಆಗಿರಲಿ. ಇವಿಯಲ್ಲಿ ನಡುವೆ ಎಲ್ಲಾದರೂ ಇಟ್ಟರೆ ಬ್ಯಾಟರಿ ಪೆಟ್ಟಿಗೆ ನೆಗ್ಗುತ್ತದೆ. ಆಗ ನಡುಕಕ್ಕಿಂತ ದೊಡ್ಡ ತಲೆನೋವು.

ಟೈರ್ ಒಳಗೆ ಒಣಗಿದೆ, ಬ್ಯಾಲೆನ್ಸಿಂಗ್ ಸರಿಯಾಗಿದೆ, ಆದರೂ ಅದುರುತ್ತದೆ ಎಂದಿಟ್ಟುಕೊಳ್ಳಿ. ಆಗ ನೋಡಬೇಕಾದ್ದು ತೂಕ ಅಲ್ಲ, ಆಕಾರ. ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಸಾಮಾನ್ಯ ಬ್ಯಾಲೆನ್ಸಿಂಗ್ ಮೆಷಿನ್ ಚಕ್ರವನ್ನು ಗಾಳಿಯಲ್ಲಿ ತಿರುಗಿಸುತ್ತದೆ, ಮೇಲೆ ಭಾರ ಇರುವುದಿಲ್ಲ. ರಿಮ್ ಒಂದು ಕಡೆ ಬಾಗಿದ್ದರೂ, ಟೈರಿನ ಒಂದು ಭಾಗ ಉಳಿದದ್ದಕ್ಕಿಂತ ಗಟ್ಟಿ ಇದ್ದರೂ ತೂಕ ಸರಿದೂಗಿದರೆ ಸೊನ್ನೆ ಎನ್ನುತ್ತದೆ. ರಸ್ತೆಯ ಮೇಲೆ ಕಾರಿನ ಭಾರ ಬಿದ್ದಾಗ ಆ ಭಾಗ ಪ್ರತಿ ಸುತ್ತಿಗೂ ಒಮ್ಮೆ ಗಾಡಿಯನ್ನು ಎತ್ತಿ ಬಿಡುತ್ತದೆ. ಅರ್ಧ ಮಿಲಿಮೀಟರ್ ದುಂಡು ತಪ್ಪಿದರೂ ಹತ್ತು ಕಿಲೋ ಆಸುಪಾಸಿನ ಏರಿಳಿತ. ಆಗ ಹೇಳಿದ 20 ಗ್ರಾಮಿನ ಲೆಕ್ಕಕ್ಕೆ ಇದನ್ನು ಹೋಲಿಸಿ ನೋಡಿ. ಭಾರದ ಇವಿಗೆ ಹಾಕುವ ಗಟ್ಟಿ ಟೈರುಗಳಲ್ಲಿ, ಗಾಳಿಯೂ ಜಾಸ್ತಿ ತುಂಬಿದ್ದರೆ ಇದು ಇನ್ನೂ ಹೆಚ್ಚು ಗೊತ್ತಾಗುತ್ತದೆ. ಮೈಲೇಜ್ ಬರಲಿ ಅಂತ ಹೇಳಿದ್ದಕ್ಕಿಂತ ಜಾಸ್ತಿ ಗಾಳಿ ಹಾಕಿಸಿಕೊಳ್ಳುವ ಅಭ್ಯಾಸ ಇದ್ದರೆ ಮೊದಲು ಅದನ್ನು ಇಳಿಸಿ.

ಇದಕ್ಕೆ ‘ರೋಡ್ ಫೋರ್ಸ್’ ಬ್ಯಾಲೆನ್ಸರ್ ಎನ್ನುವ ಮೆಷಿನ್ ಇದೆ. ತಿರುಗುವ ಟೈರಿಗೆ ಒಂದು ರೋಲರ್ ಒತ್ತಿ, ಎಲ್ಲಿ ಗಟ್ಟಿ ಎಲ್ಲಿ ಮೆತ್ತಗೆ ಎಂದು ಅಳೆಯುತ್ತದೆ. ದೋಷ ರಿಮ್ಮಿನದೋ ಟೈರಿನದೋ ಎಂದೂ ಹೇಳುತ್ತದೆ. ಎಷ್ಟೋ ಸಲ ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸೇರಿ ಕೆಲಸ ಮುಗಿಯುತ್ತದೆ. ಹೊಸ ಟೈರೇ ಬೇಕಿಲ್ಲ. ಈ ಪರೀಕ್ಷೆ ಮಾಡದೆ ನಾಲ್ಕೂ ಟೈರ್ ಬದಲಿಸಿ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಬಾಗಿರುವುದು ರಿಮ್ ಆಗಿದ್ದರೆ ಹೊಸ ಟೈರೂ ಅದೇ ರೀತಿ ಕುಣಿಯುತ್ತದೆ, ಅಲ್ವಾ?

ಅಲೈನ್‌ಮೆಂಟ್ ಬಗ್ಗೆ ಒಂದೇ ಮಾತು: ಅದು ತಪ್ಪಿದರೆ ಗಾಡಿ ಒಂದು ಕಡೆ ಎಳೆಯುತ್ತದೆ, ಟೈರ್ ಓರೆಯಾಗಿ ಸವೆಯುತ್ತದೆ. ಆ ಸವೆತದಿಂದ ಮುಂದೆ ನಡುಕ ಬರಬಹುದೇ ಹೊರತು, ಅಲೈನ್‌ಮೆಂಟ್ ಮಾಡಿಸಿ ಇರುವ ನಡುಕ ಹೋಗುವುದಿಲ್ಲ.

ಇನ್ನು ಎರಡನೆಯ ಕಾಯಿಲೆ. 30ರಿಂದ 60ರವರೆಗೆ, ಜೋರಾಗಿ ತುಳಿದಾಗ ಮಾತ್ರ, ಕಾಲು ತೆಗೆದರೆ ಇಲ್ಲ. ಇಷ್ಟು ಕೇಳಿದ ಕೂಡಲೇ ನನ್ನ ಕಣ್ಣು ಮೋಟಾರಿನ ಬಲವನ್ನು ಚಕ್ರಕ್ಕೆ ಒಯ್ಯುವ ಸರಳಿನ, ಅಂದರೆ ಡ್ರೈವ್ ಶಾಫ್ಟಿನ, ಒಳತುದಿಗೆ ಹೋಗುತ್ತದೆ. ಮೋಟಾರ್ ಕಡೆಯ ಆ ಜಾಯಿಂಟ್ ಸಾಮಾನ್ಯವಾಗಿ ‘ಟ್ರೈಪಾಡ್’ ರೀತಿಯದು. ಒಂದು ಬಟ್ಟಲಿನಂಥ ಕವಚ, ಅದರ ಒಳಗೆ ಮೂರು ತೋಡು, ಒಂದೊಂದರಲ್ಲೂ ಒಂದು ರೋಲರ್. ಶಾಫ್ಟ್ ಓರೆಯಾಗಿದ್ದು, ಜೋರಾದ ಎಳೆತವೂ ಬಿದ್ದಾಗ ಪ್ರತಿ ರೋಲರ್ ತನ್ನ ತೋಡಿನಲ್ಲಿ ಉಜ್ಜುತ್ತದೆ. ಒಂದು ಸುತ್ತಿಗೆ ಮೂರು ತಳ್ಳು. 45ರಲ್ಲಿ ನಿಮ್ಮ ಚಕ್ರ ಸೆಕೆಂಡಿಗೆ ಸುಮಾರು 6 ಸುತ್ತು, ಹಾಗಾಗಿ 18 ಹರ್ಟ್ಜ್. ಫ್ಲೋರು, ಸೀಟು ಗಡಗಡ ಎನ್ನಲು ಅದು ಸಾಕು. ಜೋರಾಗಿ ತುಳಿದಾಗ ಕಾರಿನ ಮೂತಿ ಮೇಲೇಳುತ್ತದೆ, ಶಾಫ್ಟಿನ ಓರೆ ಇನ್ನೂ ಹೆಚ್ಚುತ್ತದೆ, ಅದಕ್ಕೇ ಆಗಲೇ ಜಾಸ್ತಿ. ಎಲೆಕ್ಟ್ರಿಕ್ ಮೋಟಾರ್ ನಿಂತಲ್ಲಿಂದಲೇ ಪೂರ್ತಿ ಬಲ ಕೊಡುತ್ತದೆ. ಕಾಲು ತೆಗೆದರೆ ರೀಜನ್ (ಮೋಟಾರೇ ಗಾಡಿಯನ್ನು ನಿಧಾನ ಮಾಡಿ ಬ್ಯಾಟರಿಗೆ ಚಾರ್ಜ್ ಕೊಡುವುದು) ಶುರುವಾಗಿ ಅದೇ ಜಾಯಿಂಟ್ ಉಲ್ಟಾ ಎಳೆತಕ್ಕೂ ಸಿಗುತ್ತದೆ. ಪಾಪ, ಅದಕ್ಕೆ ಬಿಡುವೇ ಇಲ್ಲ.

ಆ ತೋಡುಗಳ ಒಳಮೈ ಸವೆದಿರಬಹುದು, ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲಿರಬಹುದು. ಚಕ್ರದ ಒಳಭಾಗದಲ್ಲಿ, ಅಕ್ಕಪಕ್ಕದ ತಗಡಿನ ಮೇಲೆ ಕಪ್ಪು ಗ್ರೀಸ್ ಸಿಡಿದ ಗೆರೆ ಇದೆಯಾ ನೋಡಿ. ಇನ್ನೊಂದು ಸಾಧ್ಯತೆ ಮೋಟಾರನ್ನು ಹಿಡಿದಿಡುವ ರಬ್ಬರ್ ಮೌಂಟ್. ಅದು ಹರಿದಿದ್ದರೆ ತುಳಿದಾಗ, ಬಿಟ್ಟಾಗ ಒಂದು ಟಕ್ ಎನ್ನುವ ಪೆಟ್ಟೂ ಜೊತೆಗೆ ಇರುತ್ತದೆ. ನೀವು ಅದನ್ನು ಬರೆದಿಲ್ಲ, ಗಮನಿಸಿ.

ಮೆಕ್ಯಾನಿಕ್ಕಿನ ಹತ್ತಿರ ಹೋಗುವ ಮುಂಚೆ ನೀವೇ ಖಚಿತ ಮಾಡಿಕೊಳ್ಳಬಹುದು. ಖಾಲಿ ಇರುವ, ನೇರವಾದ, ನಯವಾದ ರಸ್ತೆ ಬೇಕು. ಪಕ್ಕದಲ್ಲಿ ಇನ್ನೊಬ್ಬರು ಇರಲಿ. ಫೋನಿನಲ್ಲಿ ಅದುರುವಿಕೆ ಅಳೆಯುವ ಆ್ಯಪ್ ಹಾಕಿಕೊಂಡು, ಫೋನನ್ನು ಫ್ಲೋರಿನ ಮೇಲೆ ಅಲುಗಾಡದಂತೆ ಅಂಟಿಸಿ, ಅವರೇ ನೋಡಲಿ. ನೀವು ರಸ್ತೆ ನೋಡಿ. 95ರಲ್ಲಿ ಸಮವಾಗಿ ಓಡಿಸಿದಾಗ 12-13 ಹರ್ಟ್ಜ್ ಹತ್ತಿರ ಶಿಖರ ಕಂಡರೆ ಚಕ್ರ ಎಂದರ್ಥ. 45ರಲ್ಲಿ ತುಳಿದಾಗ 18ರ ಹತ್ತಿರ ಕಂಡರೆ ಜಾಯಿಂಟ್. 95ರ ನಡುಕ ಒಂದೇ ಸಮ ಇರದೆ ಕೆಲವು ಸೆಕೆಂಡಿಗೊಮ್ಮೆ ಏರಿ ಇಳಿಯುತ್ತಿದ್ದರೆ ಎರಡು ಚಕ್ರಗಳಲ್ಲಿ ದೋಷ ಇದೆ. ಅವು ಒಮ್ಮೆ ಕೂಡಿಕೊಳ್ಳುತ್ತವೆ, ಒಮ್ಮೆ ಎದುರಾಗುತ್ತವೆ.

ಆಮೇಲೆ 95ರಲ್ಲಿ ನ್ಯೂಟ್ರಲ್ ಹಾಕಿ ಉರುಳಲು ಬಿಡಿ. ಪವರ್ ಬಟನ್ ಮುಟ್ಟಬೇಡಿ. ನ್ಯೂಟ್ರಲ್‌ನಲ್ಲಿ ರೀಜನ್ ಇರುವುದಿಲ್ಲ, ಬ್ರೇಕ್ ಪೆಡಲ್ ಮಾತ್ರ ಎಂದು ನೆನಪಿರಲಿ. ನಡುಕ ಹಾಗೇ ಉಳಿದರೆ ಎಳೆತಕ್ಕೂ ಅದಕ್ಕೂ ಸಂಬಂಧ ಇಲ್ಲ. ಹಳೆಯ ಗಾಡಿಗಳಲ್ಲಿ ಪಳಗಿದ ಮೆಕ್ಯಾನಿಕ್ಕುಗಳು ಇಲ್ಲೇ ಎಡವುತ್ತಾರೆ. ಪೆಟ್ರೋಲ್ ಕಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಎಂಜಿನ್ ಬೇರೆಯಾಗುತ್ತದೆ, ಚಕ್ರ ಬೇರೆಯಾಗುತ್ತದೆ. ಹೆಚ್ಚಿನ ಇವಿಗಳಲ್ಲಿ ನಡುವೆ ಕ್ಲಚ್ ಇಲ್ಲ. ನ್ಯೂಟ್ರಲ್‌ನಲ್ಲೂ ಮೋಟಾರ್ ಚಕ್ರದ ಜೊತೆ ಸುತ್ತುತ್ತಲೇ ಇರುತ್ತದೆ, ಬಲ ಮಾತ್ರ ಕೊಡುವುದಿಲ್ಲ. ಹಾಗಾಗಿ ಈ ಪರೀಕ್ಷೆಯಿಂದ ‘ಎಳೆತವೋ ಸುತ್ತೋ’ ಎಂದು ಗೊತ್ತಾಗುತ್ತದೆಯೇ ಹೊರತು ‘ಮೋಟಾರೋ ಚಕ್ರವೋ’ ಎಂದಲ್ಲ. ಅದಕ್ಕೆ ಹರ್ಟ್ಜ್ ಲೆಕ್ಕವೇ ಬೇಕು.

ಕಡಿಮೆ ಖರ್ಚಿನ ಇನ್ನೊಂದು ಉಪಾಯ, ಮುಂದಿನ ಚಕ್ರಗಳನ್ನು ಹಿಂದಕ್ಕೆ ಹಾಕಿಸುವುದು. ಸ್ಟೀರಿಂಗ್ ನಡುಕ ಸೀಟಿಗೆ ಹೋದರೆ ಕಳ್ಳ ಆ ಚಕ್ರಗಳಲ್ಲೇ ಇದ್ದಾನೆ. ಸ್ಟೀರಿಂಗಿನಲ್ಲೇ ಉಳಿದರೆ ಹಬ್, ಬೇರಿಂಗ್ ನೋಡಬೇಕು. ಮುಂದೆ, ಹಿಂದೆ ಬೇರೆ ಅಳತೆಯ ಟೈರ್ ಇದ್ದರೆ ಇದು ಆಗುವುದಿಲ್ಲ.

ಬೇಡ ಎನ್ನುವ ಕೆಲಸಗಳೂ ಇವೆ. ಕಾರನ್ನು ಲಿಫ್ಟ್ ಮೇಲೆ ಎತ್ತಿ, ಚಕ್ರ ಗಾಳಿಯಲ್ಲಿರುವಾಗ ಮೋಟಾರ್ ಓಡಿಸಿ ‘ನೋಡೋಣ’ ಅನ್ನುವುದು ಒಂದು. ಜೋತುಬಿದ್ದ ಚಕ್ರದಲ್ಲಿ ಶಾಫ್ಟಿನ ಓರೆ ವಿಪರೀತ ಆಗಿ ಇಲ್ಲದ ನಡುಕ ಹುಟ್ಟುತ್ತದೆ, ಜಾಯಿಂಟೂ ಹಾಳಾಗುತ್ತದೆ. ಒಂದೇ ಚಕ್ರ ಸುತ್ತಿದರೆ ಅದರ ವೇಗ ಮೀಟರ್ ತೋರಿಸುವುದರ ಎರಡರಷ್ಟು ಇರುತ್ತದೆ. ಕಂಪನಿಯ ಕ್ರಮ ಗೊತ್ತಿದ್ದವರು ಮಾತ್ರ ಮಾಡಲಿ. ಹೊರಗಿನ ಗ್ಯಾರೇಜಿನಲ್ಲಿ ಮೋಟಾರ್ ಬಿಚ್ಚಿಸುವುದು ಇನ್ನೊಂದು. ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ನೂರಾರು ವೋಲ್ಟ್ ಇರುತ್ತದೆ, ವಾರಂಟಿಯೂ ಹೋಗಬಹುದು. ಇದ್ದ ಸೀಲಂಟ್ ಸಾಲದು ಅಂತ ಮತ್ತೆ ಜೆಲ್ ತುಂಬಿಸುವವರೂ ಇದ್ದಾರೆ, ಅವರಿಗೆ ಕೈ ಮುಗಿಯಿರಿ.

ಓಡಿಸಬಹುದಾ? ಪಂಕ್ಚರ್ ಟೈರನ್ನು ಬಿಚ್ಚಿ ನೋಡುವವರೆಗೆ 80ರ ಒಳಗೆ, ಹತ್ತಿರದ ಓಡಾಟಕ್ಕೆ ಮಾತ್ರ ಇಟ್ಟುಕೊಳ್ಳಿ. ಸೀಲಂಟ್ ಹಾಕಿದ ಟೈರಿಗೆ ಸಾಮಾನ್ಯವಾಗಿ ಬಾಟಲಿಯ ಮೇಲೆ ಬರೆದಿರುವ ಮಿತಿಯೂ ಅದೇ, ಅದು ತಾತ್ಕಾಲಿಕ ಉಪಾಯ ಎಂದೇ ಕೊಟ್ಟಿರುತ್ತಾರೆ. ಟೈರಿನ ಪಕ್ಕದಲ್ಲಿ ಉಬ್ಬು ಕಂಡರೆ, ನಡುಕ ದಿನದಿಂದ ದಿನಕ್ಕೆ ಹೆಚ್ಚಿದರೆ, 40-50ರಲ್ಲೇ ಸ್ಟೀರಿಂಗ್ ಓಲಾಡಿದರೆ, ಬೋಲ್ಟ್ ಸಡಿಲ ಇದೆ ಅನಿಸಿದರೆ ಅಲ್ಲೇ ನಿಲ್ಲಿಸಿ. ಇವು ಯಾವುದೂ ಇಲ್ಲದಿದ್ದರೆ ಗಾಬರಿ ಬೇಡ, ಆದರೆ ತಿಂಗಳುಗಟ್ಟಲೆ ಹೀಗೇ ಬಿಟ್ಟರೆ ವೀಲ್ ಬೇರಿಂಗ್, ಸ್ಟೀರಿಂಗಿನ ಜಾಯಿಂಟುಗಳು ಬೇಗ ಸವೆಯುತ್ತವೆ. ಒಳ ಜಾಯಿಂಟಿನ ಗಡಗಡ ತಕ್ಷಣಕ್ಕೆ ಅಪಾಯ ಅಲ್ಲ. ಆ ಜಾಯಿಂಟ್ ಬದಲಿಸುವವರೆಗೆ ಪಿಕಪ್ ಮೆಲ್ಲಗೆ ಕೊಡಿ. ಬದಲಿಸುವಾಗ ಶಾಫ್ಟಿನ ತುದಿಯ ದೊಡ್ಡ ನಟ್ ಹೊಸದೇ ಹಾಕಲಿ. ಅನೇಕ ಗಾಡಿಗಳಲ್ಲಿ ಅದು ಒಂದು ಸಲಕ್ಕೆ ಮಾತ್ರ.

ಟೈರಿಗೆ ಕಾರು ಕಂಪನಿಯ ವಾರಂಟಿ ಸಾಮಾನ್ಯವಾಗಿ ಇರುವುದಿಲ್ಲ, ಟೈರ್ ಕಂಪನಿಯದು ಬೇರೆ ಇರುತ್ತದೆ. ಡ್ರೈವ್ ಶಾಫ್ಟ್ ಕಾರಿನ ವಾರಂಟಿಯಲ್ಲಿ ಬರುತ್ತದಾ ಅಂತ ನಿಮ್ಮ ಪುಸ್ತಕ ತೆಗೆದು ನೋಡಿ. ಸರ್ವೀಸ್ ಸೆಂಟರಿನಲ್ಲಿ ‘ವೈಬ್ರೇಷನ್ ಇದೆ’ ಎಂದಷ್ಟೇ ಬರೆಸಬೇಡಿ. ಜಾಬ್ ಕಾರ್ಡಿನಲ್ಲಿ ಎರಡು ದೂರುಗಳನ್ನು ಬೇರೆಬೇರೆಯಾಗಿ ಬರೆಸಿ: ಒಂದು, 85ರಿಂದ 105ರವರೆಗೆ ಸ್ಟೀರಿಂಗ್, ನ್ಯೂಟ್ರಲ್‌ನಲ್ಲೂ ಇದೆಯೋ ಇಲ್ಲವೋ. ಎರಡು, 30ರಿಂದ 60ರವರೆಗೆ ಎಳೆತದಲ್ಲಿ ಮಾತ್ರ ಫ್ಲೋರ್. ಫೋನಿನಲ್ಲಿ ಕಂಡ ಹರ್ಟ್ಜ್ ಅಂಕಿಯನ್ನೂ ಸೇರಿಸಿ. ಟೆಸ್ಟ್ ಡ್ರೈವಿಗೆ ಟೆಕ್ನಿಷಿಯನ್ನನ್ನೇ ಓಡಿಸಲು ಬಿಟ್ಟು ನೀವು ಪಕ್ಕದಲ್ಲಿ ಕೂತು, ಯಾವ ವೇಗದಲ್ಲಿ ಏನು ಮಾಡಬೇಕೆಂದು ಹೇಳಿ. ಅವರ ಕೈಗೂ ನಡುಕ ಬಂದ ಮೇಲೆ ಅದನ್ನು ಕಾರ್ಡಿನಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ.